ಲೈನ್ ಪ್ರಿಂಟರಿನ ಪಂಕ್ತಿ

ನನ್ನ ಬಾಯಿ ಜೋರು ಎಂದು ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರಂತೆ. ನನ್ನ ಎದುರಿಗೆ ಮಾತ್ರ ಯಾರೂ ಹೇಳಲಿಲ್ಲ, ಹಾಗಾಗಿ ಅದು ನಿಜವೇ ಇರಬೇಕು. ಆದರೆ ಟೈಪಿಂಗ್ ಹಾಲಿನಲ್ಲಿ ವರ್ಷಗಟ್ಟಲೆ ಕೂತವಳ ಬಾಯಿ ಜೋರಾಗದೆ ಇನ್ನೇನಾಗಬೇಕು? ನಾಲ್ಕು ಟೈಪ್‌ರೈಟರುಗಳು ಒಟ್ಟಿಗೆ ಕಟಕಟ ಎನ್ನುವಾಗ ಮೆತ್ತಗೆ ಮಾತಾಡಿದರೆ ಎದುರಿನವರಿಗೆ ತುಟಿ ಅಲುಗಿದ್ದಷ್ಟೇ ಕಾಣುತ್ತದೆ.

ನಾನು ನಿಪ್ಪಾಣಿಯವಳು. ತಂಬಾಕಿನ ವಖಾರಿಯ ಮೇಲಿನ ಮಾಳಿಗೆಯಲ್ಲಿ ನಡೆಯುತ್ತಿದ್ದ ಕ್ಲಾಸಿನಲ್ಲಿ ಸೀನುತ್ತ ಸೀನುತ್ತ ಟೈಪಿಂಗ್ ಕಲಿತೆ. ಚಿಕ್ಕೋಡಿಗೆ ಹೋಗಿ ಪರೀಕ್ಷೆಗೆ ಕೂತೆ. ಎಂಬತ್ತರ ದಶಕ ಇನ್ನೂ ಹೊಸದಿರುವಾಗ ಕೃಷ್ಣಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಗೆ ಟೈಪಿಸ್ಟಾಗಿ ಸೇರಿದೆ. ರೈತರಿಗೆ ಕನ್ನಡ, ಕಬ್ಬು ಕಡಿಯಲು ಗಡಿಯಾಚೆಯಿಂದ ಬರುವ ಗ್ಯಾಂಗಿನವರಿಗೆ ಮರಾಠಿ, ಸರಕಾರಕ್ಕೆ ಇಂಗ್ಲಿಷು. ಮೂರೂ ಭಾಷೆಯಲ್ಲಿ ಟೈಪು ಮಾಡುತ್ತಿದ್ದೆ, ಬೈಯುವುದು ಮಾತ್ರ ಕನ್ನಡದಲ್ಲಿ. ಅದೇ ಕಾರ್ಖಾನೆಯಲ್ಲಿ ಸಕ್ಕರೆ ಕುದಿಸುವ ವಿಭಾಗದವರೊಬ್ಬರನ್ನು ಮದುವೆಯಾದೆ. ಅವರು ಮಾತಾಡುವುದು ತೀರ ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನದ್ದನ್ನೂ ನಾನೇ ಆಡಿ ಮುಗಿಸುತ್ತಿದ್ದೆ.

ಕಾರ್ಖಾನೆಯ ಕಾಲನಿಯಲ್ಲೇ ನಮ್ಮ ಮನೆ. ನಮ್ಮೊಂದಿಗೆ ಅತ್ತೆ ಇದ್ದರು. ಅವರ ಕಣ್ಣು ಪೂರ್ತಿ ಹೋಗಿತ್ತು, ಕಿವಿ ಮಾತ್ರ ನಾಲ್ಕು ಮನೆಯಾಚೆಯ ಪಿಸುಮಾತನ್ನೂ ಹಿಡಿಯುತ್ತಿತ್ತು. ಮಧ್ಯಾಹ್ನದ ಊಟಕ್ಕೆ ನಾನೇ ಮನೆಗೆ ಹೋಗಿ ಬಡಿಸಬೇಕು. ಮಗ, ಅಂದರೆ ನನ್ನ ಗಂಡ, ಬಡಿಸಿದರೆ ಅವರಿಗೆ ನಡೆಯುತ್ತಿರಲಿಲ್ಲ. ಮಗ ತಾಟು ಮುಂದಿಟ್ಟು ಸುಮ್ಮನೆ ಎದ್ದು ಹೋಗುತ್ತಿದ್ದರು, ಎಲ್ಲೆಲ್ಲಿ ಏನಿದೆ ಎಂದು ಹೇಳುತ್ತಿರಲಿಲ್ಲ. ಒಮ್ಮೆ ಅತ್ತೆ ಪಲ್ಯ ಎಂದುಕೊಂಡು ಕೆಂಪು ಚಟ್ನಿಯನ್ನು ರೊಟ್ಟಿ ತುಂಬ ತುಂಬಿಕೊಂಡು ತಿಂದಿದ್ದರು. ನಾನು ಕೂತು, ‘ಬಲಕ್ಕ ಪಲ್ಯಾ, ಎಡಕ್ಕ ಚಟ್ನಿ, ನಡುವ ಮೊಸರ ಐತಿ ನೋಡ್ರಿ ಅತ್ತಿ’ ಎಂದು ಹೇಳಿಕೊಡುತ್ತಿದ್ದೆ. ನಿಜ ಹೇಳಬೇಕೆಂದರೆ ಅತ್ತೆಗೆ ರೊಟ್ಟಿಗಿಂತ ಹೆಚ್ಚು ಹಸಿವಿದ್ದದ್ದು ಆಫೀಸಿನ ಸುದ್ದಿಗೆ. ಮೊದಲ ತುತ್ತು ಬಾಯಿಗೆ ಹೋಗುವ ಮೊದಲೇ, ‘ಇವತ್ತ ಯಾರಿಗಿ ಬೈದಿ?’ ಎಂದು ಕೇಳುವರು. ಬೈದದ್ದು ಕಡಿಮೆಯಾದ ದಿನ ಒಂದು ರೊಟ್ಟಿ ಕಡಿಮೆ ತಿನ್ನುತ್ತಿದ್ದರು. ನನಗೂ ಆ ಅರ್ಧ ಗಂಟೆ ಬಿಟ್ಟರೆ ದಿನದಲ್ಲಿ ಬೇರೆ ಸುಖವಿರಲಿಲ್ಲ. ಬೈದದ್ದನ್ನು ಇನ್ನೊಮ್ಮೆ ಹೇಳಿಕೊಳ್ಳುವುದರಲ್ಲಿ ಇರುವ ಆನಂದ ಬೈಯುವುದರಲ್ಲೂ ಇಲ್ಲ.

ತೊಂಬತ್ತರ ಸುಮಾರಿಗೆ ಕಾರ್ಖಾನೆಗೆ ಕಂಪ್ಯೂಟರುಗಳು ಬಂದವು. ಕಬ್ಬಿನ ವಿಭಾಗಕ್ಕೊಂದು, ಲೆಕ್ಕಪತ್ರಕ್ಕೊಂದು, ಸ್ಟೋರಿಗೊಂದು, ಪ್ರತಿಯೊಂದಕ್ಕೂ ಕರ್ ಕರ್ ಎಂದು ಅಳುವ ಒಂದು ಚಿಕ್ಕ ಪ್ರಿಂಟರು. ಅಲ್ಲಿಂದ ಶುರುವಾಯಿತು ನೋಡಿ ಜಗಳ. ಕಬ್ಬಿನವರ ಪ್ರಿಂಟರಿನ ರಿಬ್ಬನ್ ಒಣಗಿದರೆ ಲೆಕ್ಕಪತ್ರದವರದ್ದು ಮಾಯವಾಗುತ್ತಿತ್ತು. ಸ್ಟೋರಿನವರ ಹತ್ತಿರ ಬೀರು ತುಂಬ ಕಾಗದ, ಪ್ರಿಂಟರು ಕೆಟ್ಟಿರುತ್ತಿತ್ತು. ಪ್ರಿಂಟರು ನೆಟ್ಟಗಿದ್ದವರ ಹತ್ತಿರ ಕಾಗದ ಇರುತ್ತಿರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ನನ್ನ ಟೈಪ್‌ರೈಟರಿನ ಮುಂದೆಯೇ. ‘ಬಾಯಾರ, ಇದೊಂದ ಹೊಡದ ಕೊಡ್ರಿ’ ಎಂದು ಕೈ ಕಟ್ಟಿ ನಿಂತಾಗ ನನಗೆ ಬಹಳ ಸಂತೋಷವಾಗುತ್ತಿತ್ತು. ಕಂಪ್ಯೂಟರುಗಳು ಹೀಗೇ ಕೆಡುತ್ತಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಆಮೇಲೆ ಹೊಸ ಜನರಲ್ ಮ್ಯಾನೇಜರ್ ಬಂದರು. ಅಥಣಿ ಕಡೆಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಈ ಜಗಳವನ್ನೆಲ್ಲ ಕಬ್ಬು ನುರಿಸುವ ಒಂದು ಹಂಗಾಮು ಪೂರ್ತಿ ನೋಡಿ, ಮಳೆಗಾಲದಲ್ಲಿ ಕಾರ್ಖಾನೆ ನಿಂತಾಗ ಒಂದು ನಿರ್ಣಯ ಮಾಡಿದರು. ಚಿಕ್ಕ ಪ್ರಿಂಟರುಗಳೆಲ್ಲ ರದ್ದು. ಟೈಪಿಂಗ್ ಹಾಲಿನಲ್ಲಿ ಒಂದೇ ಒಂದು ದೊಡ್ಡ ಲೈನ್ ಪ್ರಿಂಟರು. ಪ್ರತಿ ವಿಭಾಗದಿಂದ ಅದಕ್ಕೆ ಕೇಬಲ್ಲು. ಯಾರು ಎಲ್ಲಿ ಕೂತು ಗುಂಡಿ ಒತ್ತಿದರೂ ಕಾಗದ ಬರುವುದು ಒಂದೇ ಕಡೆ, ಬಂದ ಪಾಳಿಯ ಪ್ರಕಾರ. ಇದಕ್ಕೆ ನೆಟ್‌ವರ್ಕ್ ಎನ್ನುತ್ತಾರೆ ಎಂದು ಸಭೆಯಲ್ಲಿ ತಿಳಿಸಿದರು. ಟೈಪ್‌ರೈಟರುಗಳನ್ನು ಸ್ಟೋರಿಗೆ ಹಾಕಿ ಬೀಗ ಜಡಿಯಬೇಕು, ಟೈಪು ಮಾಡಿದ ಕಾಗದಕ್ಕೆ ತಾವು ಇನ್ನು ಸಹಿ ಹಾಕುವುದಿಲ್ಲ ಎಂದೂ ಹೇಳಿದರು.

ನಾಲ್ವರು ಟೈಪಿಸ್ಟರಲ್ಲಿ ಮೂವರನ್ನು ಕಾರ್ಖಾನೆಯ ಬೇರೆ ಬೇರೆ ವಿಭಾಗಕ್ಕೆ ಹಂಚಿದರು. ಎಲ್ಲರಿಗಿಂತ ಹಿರಿಯಳಾದ ನನ್ನನ್ನು ಕರೆದು, ‘ಹಂಗಾಮ ಸುರು ಆಗೂತನಾ ನೀವು ಹಾಲಿನ್ಯಾಗ ಕುಂತ ಕಾಗದ ಹರದ ಕೊಡ್ರಿ. ಆಮ್ಯಾಲ ತೆಲಸಂಗದ ಗಟ ಆಫೀಸಿಗೆ ಆರ್ಡರ್ ಮಾಡತೀನಿ’ ಎಂದರು.

ಗಟ ಆಫೀಸು ಎಂದರೆ ಹಳ್ಳಿಯಲ್ಲಿರುವ ಕಾರ್ಖಾನೆಯ ಶಾಖೆ. ರಾಯಬಾಗ, ಕಾಗವಾಡ ಕಡೆಯವು ಹತ್ತಿರ, ಕಬ್ಬಿನ ನಡುವೆ ಇರುವಂಥವು. ತೆಲಸಂಗ ಹಾಗಲ್ಲ. ದೂರದ ಒಣ ಭೂಮಿ. ಅಲ್ಲಿಯ ಆಫೀಸು ಎಂದರೆ ಒಂದು ಕೋಣೆ, ಒಂದು ಮೇಜು, ಒಬ್ಬ ಗುಮಾಸ್ತ. ಆ ಊರಿನ ಮೇಲೆ ನನಗೆ ಸಿಟ್ಟಿರಲಿಲ್ಲ, ಒಳ್ಳೆಯ ಜನರ ಊರು. ಆದರೆ ಮುಂಜಾನೆ ಬಸ್ಸು ಹತ್ತಿದರೆ ಸಂಜೆಯೇ ಮರಳಿ ಬರುವುದು. ಅಂದರೆ ಮಧ್ಯಾಹ್ನ ಅತ್ತೆಯ ತಾಟಿನ ಮುಂದೆ ಯಾರೂ ಇರುವುದಿಲ್ಲ. ಇದನ್ನು ಸಾಹೇಬರಿಗೆ ಹೇಳಬಹುದಿತ್ತು, ಆದರೆ ಅತ್ತೆಗೆ ರೊಟ್ಟಿ ಬಡಿಸುವ ಸಲುವಾಗಿ ವರ್ಗ ಮಾಡಬೇಡಿ ಎಂದು ಬೇಡಿಕೊಳ್ಳುವುದು ನನ್ನ ಜಾಯಮಾನಕ್ಕೆ ಒಗ್ಗದ ಮಾತು. ‘ಆತ್ರಿ’ ಎಂದು ಹೇಳಿ ಹೊರಗೆ ಬಂದೆ. ಬಂದು, ಬಾಗಿಲಲ್ಲಿ ನಿಂತಿದ್ದ ಸ್ಟೋರ್ ಸಾಹೇಬರಿಗೆ ಕಾರಣವಿಲ್ಲದೆ ಬೈದೆ.

ಕೊಲ್ಲಾಪುರದಿಂದ ಒಬ್ಬ ಎಂಜಿನಿಯರ್ ಬಂದು ಕೇಬಲ್ಲು ಹಾಕಿದ. ಮೀಸೆ ಸರಿಯಾಗಿ ಮೂಡದ ವಯಸ್ಸು. ಮರಾಠಿಯಲ್ಲಿ ಮಾತಾಡುತ್ತಿದ್ದ. ಮೊದಲ ದಿನವೇ ನನ್ನನ್ನು ‘ಮಾವಶಿ’ ಎಂದು ಕರೆದ. ನಾನು ಯಾರ ಚಿಕ್ಕಮ್ಮನೂ ಅಲ್ಲ ಎಂದು ಅವನದ್ದೇ ಭಾಷೆಯಲ್ಲಿ ತಿಳಿಸಿದ ಮೇಲೆ ‘ಮ್ಯಾಡಮ್’ ಎನ್ನತೊಡಗಿದ. ಪ್ರಿಂಟರೋ, ನಮ್ಮ ಮನೆಯ ಹಿಟ್ಟಿನ ಕಟ್ಟಿಗೆಯ ಪೆಟ್ಟಿಗೆಗಿಂತ ದೊಡ್ಡದು. ಎರಡೂ ಅಂಚಿಗೆ ತೂತಿರುವ, ಮಡಿಕೆ ಮಡಿಕೆಯಾದ ಕಾಗದ ಕೆಳಗಿನಿಂದ ಏರಿ ಹಿಂದೆ ಬೀಳುತ್ತಿತ್ತು. ಪಕ್ಕದ ಒಂದು ಪರದೆಯ ಮೇಲೆ ಯಾವ ವಿಭಾಗದ ಯಾವ ಕಾಗದ ಪಾಳಿಯಲ್ಲಿದೆ ಎಂದು ಸಾಲಾಗಿ ತೋರುತ್ತಿತ್ತು. ಸಾಲನ್ನು ಮೇಲೆ ಕೆಳಗೆ ಮಾಡುವುದು, ತಡೆಯುವುದು, ತೆಗೆಯುವುದು ಹೇಗೆ ಎಂದು ಅವನು ತೋರಿಸಿದ. ಹರಿದು ಕೊಡುವವಳಿಗೆ ಇದೆಲ್ಲ ಯಾಕೆ ಎಂದು ಸಿಟ್ಟಿನಲ್ಲೇ ಕಲಿತೆ. ಸಿಟ್ಟಿನಲ್ಲಿ ಕಲಿತದ್ದು ನನಗೆ ಮರೆಯುವುದಿಲ್ಲ.

ಪಾಳಿ ಎಂಬುದು ಯಂತ್ರಕ್ಕೆ ತಿಳಿಯಿತು, ಜನಕ್ಕೆ ತಿಳಿಯಲಿಲ್ಲ. ಗುಂಡಿ ಒತ್ತಿದ ಪ್ರತಿಯೊಬ್ಬರೂ ತಮ್ಮ ಕಾಗದ ಬರಮಾಡಿಕೊಳ್ಳಲು ಒಬ್ಬ ಜವಾನನನ್ನು ಹಾಲಿಗೆ ಓಡಿಸುತ್ತಿದ್ದರು. ಜವಾನ ಬರುವಷ್ಟರಲ್ಲಿ ಕಾಗದ ಬಂದಿರದಿದ್ದರೆ ಅವನು ಮರಳಿ ಹೋಗಿ, ‘ಇನ್ನೂ ಬಂದಿಲ್ರೀ’ ಎನ್ನುವನು. ಸಾಹೇಬರು ಮತ್ತೊಮ್ಮೆ ಒತ್ತುವರು. ನಮ್ಮಲ್ಲಿ ಒಂದು ಕೂಗಿಗೆ ಓ ಎನ್ನದವರನ್ನು ಇನ್ನೊಮ್ಮೆ ಕೂಗುವುದು ರೂಢಿ. ಯಂತ್ರ ಪಾಪ ಪ್ರತಿ ಕೂಗಿಗೂ ಓ ಎನ್ನುತ್ತಿತ್ತು. ಒಂದೇ ಕಾಗದ ನಾಲ್ಕೈದು ಸಲ ಬರುವುದು. ಸಾಹೇಬರು, ‘ಅಡ್ಡಿಯಿಲ್ಲ, ಇರ್ಲಿ’ ಎಂದು ಎಲ್ಲವನ್ನೂ ಇಟ್ಟುಕೊಳ್ಳುವರು.

ಇಷ್ಟರಲ್ಲಿ ಹಂಗಾಮು ಶುರುವಾಗುವ ದಿನ ಬಂತು. ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಹಾಕುವುದು ಮುಹೂರ್ತ ನೋಡಿ. ಆ ಗಳಿಗೆಗೇ ಪ್ರತಿ ವಿಭಾಗದವರೂ ತಮ್ಮ ವರ್ಷದ ಮೊದಲ ಕೆಲಸಕ್ಕೆ ಕೈ ಹಾಕಬೇಕು. ಮೊದಲೆಲ್ಲ ಇದರಿಂದ ಏನೂ ತೊಂದರೆ ಇರಲಿಲ್ಲ. ಆಚಾರ್ಯರು ಹೂಂ ಎಂದ ಕೂಡಲೇ ಎಲ್ಲರೂ ತಮ್ಮ ತಮ್ಮ ಪೆನ್ನಿನಿಂದ ತಮ್ಮ ತಮ್ಮ ಪುಸ್ತಕದಲ್ಲಿ ಶ್ರೀಕಾರ ಬರೆದು ಪೇಢೆ ತಿನ್ನುತ್ತಿದ್ದರು. ಈ ಸಲ ಪುಸ್ತಕ ಹೋಗಿ ಕಂಪ್ಯೂಟರ್ ಬಂದಿತ್ತಲ್ಲ. ಶ್ರೀಕಾರದ ಬದಲು ಪ್ರಿಂಟ್ ಕೊಡುವುದು ಎಂದು ಎಲ್ಲರೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳದೆ, ನಿರ್ಧಾರ ಮಾಡಿದ್ದರು. ಶಂಖದ ಸದ್ದು ಕೇಳಿತು. ಕಾರ್ಖಾನೆಯ ಸಮಸ್ತ ಸಾಹೇಬರೂ ಒಂದೇ ಗಳಿಗೆಗೆ ಕುಂಕುಮ ಹಚ್ಚಿದ ಗುಂಡಿ ಒತ್ತಿದರು.

ಹಾಲಿನಲ್ಲಿ ಪರದೆ ತುಂಬಿ ಹೋಯಿತು. ಶುಭ ಕಾರ್ಯಕ್ಕೆ ಚಿಕ್ಕದನ್ನು ಕೊಡಬಾರದೆಂದು ಸ್ಟೋರಿನವರು ಗೋದಾಮಿನ ಎಲ್ಲ ನಟ್ಟು ಬೋಲ್ಟುಗಳ ಪಟ್ಟಿ ಕೊಟ್ಟಿದ್ದರು. ಲೆಕ್ಕಪತ್ರದವರು ಸಮಸ್ತ ಕಾರ್ಮಿಕರ ಹೆಸರು ಕೊಟ್ಟಿದ್ದರು. ಜಿ.ಎಂ. ಕಚೇರಿಯಿಂದ, ಕಾರ್ಖಾನೆಯ ಅಧ್ಯಕ್ಷರು ಪೂಜೆಯ ಮಂಟಪದಲ್ಲಿ ಓದಬೇಕಾದ ಭಾಷಣ ಬಂದಿತ್ತು. ಎಲ್ಲಕ್ಕಿಂತ ಕೆಳಗೆ, ಕಬ್ಬಿನ ವಿಭಾಗದ ಕಡಿತದ ಪರವಾನಗಿ ಚೀಟಿಗಳು. ಮುಹೂರ್ತದೊಳಗೆ ಕಾಗದ ಬರಲಿಲ್ಲವೆಂದು ಎಲ್ಲರೂ ಗಾಬರಿಯಾಗಿ ಮತ್ತೆ ಮತ್ತೆ ಒತ್ತತೊಡಗಿದರು. ಪ್ರಿಂಟರು ನಟ್ಟು ಬೋಲ್ಟು ಹೊಡೆಯುತ್ತಲೇ ಇತ್ತು. ಅದು ಮುಗಿದರೆ ಮತ್ತೆ ಅದೇ ನಟ್ಟು ಬೋಲ್ಟು.

ಕಿಟಕಿಯ ಹೊರಗೆ ಚಿಂಚಲಿ ಕಡೆಯ ಚಕ್ಕಡಿಗಳು, ಟ್ರ್ಯಾಕ್ಟರುಗಳು, ಹೆಂಡಿರು ಮಕ್ಕಳ ಸಮೇತ ಬಂದ ಕಡಿಯುವ ಗ್ಯಾಂಗಿನವರು ಚೀಟಿಗೆ ಕಾದು ನಿಂತಿದ್ದರು. ಚೀಟಿಯಿಲ್ಲದೆ ಯಾರ ಹೊಲದಲ್ಲೂ ಕಬ್ಬಿಗೆ ಕತ್ತಿ ಹಾಕುವಂತಿಲ್ಲ. ಬಾಯ್ಲರಿಗೆ ಬೆಂಕಿ ಬಿದ್ದಾಗಿದೆ, ಕಬ್ಬು ಬರದಿದ್ದರೆ ಬರೀ ಉಗಿಯಿಂದ ಸಕ್ಕರೆ ಮಾಡಲು ಬರುವುದಿಲ್ಲ.

ಎಂಜಿನಿಯರ್ ಬೆವತು ಹೋಗಿದ್ದ. ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡೋಣ ಎಂದು ಕೈ ಮುಂದೆ ಮಾಡಿದ. ಅಷ್ಟರಲ್ಲಿ ಸಾಹೇಬರುಗಳ ದಂಡೇ ಹಾಲಿಗೆ ನುಗ್ಗಿತು.

‘ಮುಹೂರ್ತಕ್ಕ ಕೊಟ್ಟದ್ದನ್ನ ಅಳಸಬ್ಯಾಡ್ರಿ, ಅಪಶಕುನ ಆಕ್ಕೈತಿ’ ಎಂದರು ಲೆಕ್ಕಪತ್ರದ ಸಾಹೇಬರು.

‘ನಮ್ಮದ ಅರ್ಧಾ ಆಗೇತಿ. ಅರ್ಧಕ್ಕ ನಿಲ್ಲಸೂದು ಇನ್ನೂ ಕೆಟ್ಟ’ ಎಂದರು ಸ್ಟೋರ್ ಸಾಹೇಬರು.

‘ಹೊರಗ ಮಂದಿ ನನ್ನ ಹರದ ತಿಂತಾರ. ನನ್ನ ಚೀಟಿ ಮೊದಲ ಬಿಡ್ರಿ’ ಎಂದರು ಕಬ್ಬಿನ ಸಾಹೇಬರು.

‘ಅಂದ್ರ ನಿಮ್ಮ ಮುಹೂರ್ತ ಮುಹೂರ್ತ, ನಮ್ಮದು ಅಲ್ಲೇನ್ರಿ?’ ಎಂದು ಇಬ್ಬರೂ ಅವರ ಮೇಲೆ ಬಿದ್ದರು.

ಎಂಜಿನಿಯರ್ ನನ್ನ ಕಡೆ ನೋಡಿದ. ಆ ಹುಡುಗನ ಮುಖ ನೋಡಿ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಎದ್ದು ನಿಂತೆ. ಪ್ರಿಂಟರಿನ ಸದ್ದನ್ನು ಮೀರಿಸುವ ಗಂಟಲು ಆ ಹಾಲಿನಲ್ಲಿ ನನ್ನೊಬ್ಬಳದ್ದೇ ಇತ್ತು.

‘ನಿಮ್ಮ ನಿಮ್ಮ ಮನ್ಯಾಗ ಮದಿವಿ ಮಾಡೀರಿಲ್ರಿ? ಅಕ್ಕಿಕಾಳ ಬಿದ್ದೂ ಅಂದ್ರ ಮದಿವಿ ಆತು. ಮುಹೂರ್ತ ಇರೂದು ಅಕ್ಕಿಕಾಳಿಗೆ, ಊಟಕ್ಕಲ್ಲ. ನೀವೆಲ್ಲಾರೂ ಗುಂಡಿ ಒತ್ತಿದ್ರಿ, ಅಕ್ಕಿಕಾಳ ಬಿದ್ದೂ. ನಿಮ್ಮೆಲ್ಲಾರ ಮುಹೂರ್ತ ಆಗಿ ಹೋತು. ಈಗ ಈ ಮಿಶಿನ್ ಮಾಡಾಕತ್ತಿದ್ದು ಬರೇ ಊಟದ ಕೆಲಸ. ಊಟ ಪಂಗ್ತಿ ಪ್ರಕಾರ ಆಕ್ಕೈತಿ.’

ಇದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಮುಹೂರ್ತದ ಗಳಿಗೆಗೇ ಹೊಟ್ಟೆ ತುಂಬ ಉಂಡ ಮದುವೆಯನ್ನು ನಮ್ಮ ಕಡೆಯ ಯಾವ ತಾಲೂಕಿನಲ್ಲೂ ಯಾರೂ ನೋಡಿಲ್ಲ.

‘ಮೊದಲ ಪಂಗ್ತಿ ಯಾರದು?’ ಎಂದು ಕೇಳಿದೆ.

‘ದೂರಿಂದ ಬಂದವರದು’ ಎಂದರು ಲೆಕ್ಕಪತ್ರದ ಸಾಹೇಬರು, ಮೆಲ್ಲಗೆ.

‘ಹೊರಗ ನಿಂತಾವ್ರು ದೂರಿಂದ ಬಂದಾರ. ಅವರ ಚೀಟಿ ಮೊದಲ.’

‘ನಮ್ಮ ಹೆಚ್ಚಿನೂವು ಅಳಸತೀರೇನು?’ ಎಂದು ಸ್ಟೋರ್ ಸಾಹೇಬರು ಅನುಮಾನಪಟ್ಟರು.

‘ಎಲಿ ಮುಂದ ಕುಂತವರನ್ನ ನಾ ಎಬ್ಬಸಂಗಿಲ್ರಿ. ನಿಮ್ಮ ಹೆಚ್ಚಿನ ಎಲಿ ನೀವ ಎತ್ತರಿ. ಕಳಿಸಿದವರ ಬಂದ, ತಮ್ಮ ಕೈಲೆ ತಗೀಬೇಕು.’

ಸಾಹೇಬರುಗಳು ಸಾಲಾಗಿ ಬಂದು, ಎಂಜಿನಿಯರ್ ತೋರಿಸಿದ ಗುಂಡಿ ಒತ್ತಿ, ತಮ್ಮ ತಮ್ಮ ಹೆಚ್ಚಿನ ಎಲೆಗಳನ್ನು ತಾವೇ ಎತ್ತಿದರು. ನಾನು ಪರವಾನಗಿ ಚೀಟಿಗಳನ್ನು ಮೇಲಕ್ಕೆ ತಂದೆ. ಪ್ರಿಂಟರು ನಟ್ಟು ಬೋಲ್ಟು ಬಿಟ್ಟು ಚೀಟಿ ಹೊಡೆಯತೊಡಗಿತು. ಅಧ್ಯಕ್ಷರ ಭಾಷಣ ಎರಡನೆಯ ಪಂಕ್ತಿಗೆ ಹೋಯಿತು. ಅಧ್ಯಕ್ಷರು ಕಾದು ಕಾದು, ಕಾಗದವಿಲ್ಲದೆ ಎದ್ದು ನಿಂತು ನಾಲ್ಕು ಮಾತು ಹೇಳಿ ಕೂತುಬಿಟ್ಟರಂತೆ. ಅಷ್ಟು ಒಳ್ಳೆಯ ಭಾಷಣವನ್ನು ಅವರು ಹಿಂದೆಂದೂ ಮಾಡಿರಲಿಲ್ಲ ಎಂದು ಜನ ಮಾತಾಡಿಕೊಂಡರು. ಭಾಷಣದ ಕಾಗದ ಸಂಜೆ ಬಂತು. ಅದನ್ನು ಮನೆಗೊಯ್ದು ಕಪಾಟಿಗೆ ಹಾಸಿದೆ.

ಅವತ್ತಿನಿಂದ ಪಂಕ್ತಿ ಎನ್ನುವುದೇ ಕಾರ್ಖಾನೆಯ ಮಾತಾಯಿತು. ಎಂಜಿನಿಯರ್ ಕೊಲ್ಲಾಪುರಕ್ಕೆ ಹೋಗುವಾಗ, ನಾನು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದ. ಬೇರೆ ಕಾರ್ಖಾನೆಯಲ್ಲಿ ಹೇಳುತ್ತೇನೆ ಎಂದ. ಹೇಳು, ಆದರೆ ಮಾವಶಿ ಹೇಳಿದಳು ಎನ್ನಬೇಡ ಎಂದೆ.

ಮೊದಲ ಪಂಕ್ತಿ ಕಬ್ಬಿನದ್ದು, ಎರಡನೆಯದು ಲೆಕ್ಕಪತ್ರದ್ದು, ಮೂರನೆಯದು ಸ್ಟೋರಿನದ್ದು. ಜನ ಫೋನು ಮಾಡಿ, ‘ಬಾಯಾರ, ನಮ್ಮನ್ನ ಯಾವ ಪಂಗ್ತ್ಯಾಗ ಕುಂಡ್ರಿಸೀರಿ?’ ಎಂದು ಕೇಳುತ್ತಿದ್ದರು. ಕಳ್ಳಾಟಗಳೂ ನಡೆದವು. ಸ್ಟೋರ್ ಸಾಹೇಬರು ಒಮ್ಮೆ ತಮ್ಮ ಪಟ್ಟಿಯನ್ನು ಕಬ್ಬಿನವರ ಕಂಪ್ಯೂಟರಿನಿಂದ ಕಳಿಸಿದರು. ಪರವಾನಗಿಯ ಅಚ್ಚು ಹಾಕಿದ ಕಾಗದದ ಮೇಲೆ ಅದು ಬಂತು. ಅದರಲ್ಲಿ ಒಂದು ಹಾಳೆ ಗ್ಯಾಂಗಿನವರ ಕೈಗೂ ಹೋಗಿ, ಅವರು ಉಗಾರದ ಹತ್ತಿರದ ರೈತರೊಬ್ಬರ ಮನೆಗೆ ಹೋಗಿ ಎರಡು ಡಜನ್ ಬೇರಿಂಗ್ ಎಲ್ಲಿವೆ ಎಂದು ಕೇಳಿದರು. ಕರೆಯದ ಮದುವೆಗೆ ಬೇರೆಯವರ ಟೊಪ್ಪಿಗೆ ಹಾಕಿಕೊಂಡು ಬಂದಿರಿ ಎಂದು ಸ್ಟೋರ್ ಸಾಹೇಬರಿಗೆ ಎಲ್ಲರೆದುರು ಬೈದೆ. ಅವತ್ತು ಅತ್ತೆ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಇದೆಲ್ಲದರಿಂದ ನಿಜವಾಗಿ ಉಬ್ಬಿದವರು ಜಿ.ಎಂ. ಸಾಹೇಬರು. ಬೇರೆ ಕಾರ್ಖಾನೆಯವರು ನೋಡಲು ಬಂದರೆ ಹಾಲಿಗೆ ಕರೆತಂದು, ‘ಇಲ್ಲಿ ದೊಡ್ಡಾವ್ರು ಸಣ್ಣಾವ್ರು ಇಲ್ರಿ. ನನ್ನ ಕಾಗದನೂ ಪಾಳಿ ಬಂದ್ರನ ಬರತೈತಿ’ ಎಂದು ಹೇಳಿಕೊಳ್ಳುತ್ತಿದ್ದರು. ನಾನು ಹಿಂದೆ ನಿಂತು ಕಾಗದ ಹರಿಯುತ್ತಿದ್ದೆ. ತೆಲಸಂಗದ ಮಾತು ಅವರು ಮರೆತಿರಬೇಕು ಎಂದು ನನಗೆ ಆಸೆ ಹುಟ್ಟಿತು.

ಅವರು ಮರೆತಿರಲಿಲ್ಲ. ಸಂಕ್ರಾಂತಿ ಕಳೆದ ಒಂದು ಮುಂಜಾನೆ ಪರದೆಯ ಕೊನೆಯಲ್ಲಿ ಒಂದು ಹೊಸ ಸಾಲು ಬಂತು. ಕಳಿಸಿದವರು ಜಿ.ಎಂ. ಕಾಗದದ ಹೆಸರು ತೆಲಸಂಗ. ತೆರೆದು ನೋಡಬೇಕಾಗಿರಲಿಲ್ಲ. ಇನ್ನೊಬ್ಬರ ಪಾಲಿನ ಎಲೆಗಳನ್ನೆಲ್ಲ ಹಾಸಿ, ಬಡಿಸಿ, ಕೊನೆಗೆ ನನಗೇ ನನ್ನ ಕೈಯಿಂದ ಈ ಊಟ ಬಡಿಸಿಕೊಳ್ಳಬೇಕಲ್ಲ ಎಂದು ಬಹಳ ದುಃಖವಾಯಿತು.

ಮಧ್ಯಾಹ್ನ ಅತ್ತೆಗೆ ಹೇಳಿದೆ. ‘ತೆಲಸಂಗದಾಗ ಬೈಯಾಕ ಎಷ್ಟ ಮಂದಿ ಅದಾರ?’ ಎಂದು ಕೇಳಿದರು.

‘ಒಬ್ಬನ ಒಬ್ಬ ಗುಮಾಸ್ತ ಅದಾನ್ರಿ.’

‘ಅಂವಾ ಎಷ್ಟಂತ ಬೈಸ್ಕೋತಾನ ಪಾಪ’ ಎಂದು ನಕ್ಕರು. ನಕ್ಕು, ‘ನನಗ ಮಧ್ಯಾಹ್ನ ಹಸಿವ ಅಷ್ಟಕ್ಕಷ್ಟ. ಸಂಜಿಕ ಒಮ್ಮೆಲೆ ಉಣತೀನಿ. ನೀ ಆ ಚಿಂತಿ ಮಾಡಬ್ಯಾಡ’ ಎಂದರು. ಹಾಗೆ ಹೇಳುವಾಗ ಅವರ ಬೆರಳು ತಾಟಿನ ಮೇಲೆ ಚಟ್ನಿಯನ್ನು ಹುಡುಕುತ್ತಿತ್ತು. ತಾಟನ್ನು ತಿರುಗಿಸಿ ಚಟ್ನಿಯನ್ನು ಅವರ ಬೆರಳಿನ ಕೆಳಗೆ ತಂದೆ.

ಮರಳಿ ಹಾಲಿಗೆ ಬಂದು ಪರದೆಯ ಮುಂದೆ ಕೂತೆ. ಆ ಸಾಲನ್ನು ತೆಗೆದು ಹಾಕುವುದು ನನಗೆ ಕಷ್ಟವಿರಲಿಲ್ಲ. ಆದರೆ ಕಳಿಸಿದವರೇ ತೆಗೆಯಬೇಕೆಂದು ಊರಿಗೆಲ್ಲ ಹೇಳಿದವಳು ನಾನು. ಬೇಲಿಯೇ ಎದ್ದು ಹೊಲ ಮೇಯಬಾರದು. ಹಾಗಾದರೆ ಅದು ಯಾವ ಪಂಕ್ತಿಗೆ ಸೇರಬೇಕು ಎಂದು ಯೋಚಿಸಿದೆ. ಯೋಚಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಅದು ನನ್ನ ಕಾಗದ. ಮದುವೆ ಮನೆಯಲ್ಲಿ ಬಡಿಸುವವರು, ಮನೆಯವರು, ಎಲ್ಲರದ್ದೂ ಮುಗಿದ ಮೇಲೆ ಕೊನೆಗೆ ಕೂರುತ್ತಾರೆ. ಅದನ್ನು ಕೊನೆಯ ಪಂಕ್ತಿಗೆ ಹಾಕಿದೆ. ಹಂಗಾಮು ನಡೆದಿರುವಾಗ ಲೈನ್ ಪ್ರಿಂಟರಿಗೆ ಪುರಸೊತ್ತು ಎಂಬುದಿರಲಿಲ್ಲ. ಒಬ್ಬರದು ಮುಗಿಯುವಷ್ಟರಲ್ಲಿ ಇನ್ನಿಬ್ಬರದು ಬರುತ್ತಿತ್ತು. ಕೊನೆಯ ಪಂಕ್ತಿ ಹಾಸುವ ಪ್ರಸಂಗವೇ ಬರಲಿಲ್ಲ. ಇದು ಮೋಸ ಎಂದು ಯಾರಾದರೂ ಇವತ್ತು ಹೇಳಿದರೂ ಜಗಳಕ್ಕೆ ನಿಲ್ಲುತ್ತೇನೆ.

ಜಿ.ಎಂ. ಸಾಹೇಬರು ಫೋನು ಮಾಡಿದರು. ‘ನಂದೊಂದ ಆರ್ಡರ್ ಇತ್ತಲ್ರಿ, ಬಂತೇನು?’

‘ಪಾಳಿ ಬಂದಿಲ್ರಿ ಸಾಹೇಬ್ರ.’

ಅವರ ಕೋಣೆಯಲ್ಲಿ ಆಗ ಯಾರೋ ಹೊರಗಿನ ಅತಿಥಿಗಳು ಕೂತಿದ್ದರೆಂದು ಆಮೇಲೆ ಗೊತ್ತಾಯಿತು. ‘ಆತು, ಪಾಳಿ ಬಂದಾಗ ಬರ್ಲಿ’ ಎಂದು ಜೋರಾಗಿ, ಅತಿಥಿಗಳಿಗೆ ಕೇಳುವ ಹಾಗೆ ಹೇಳಿ ಫೋನು ಇಟ್ಟರು. ಮುಂದೆಯೂ ಆಗಾಗ ಕೇಳಿದರು. ನನ್ನ ಉತ್ತರ ಅದೇ. ಟೈಪು ಮಾಡಿಸೋಣವೆಂದರೆ ಟೈಪ್‌ರೈಟರುಗಳಿಗೆ ತಾವೇ ಬೀಗ ಜಡಿಸಿದ್ದರು.

ಯುಗಾದಿ ಹತ್ತಿರ ಬಂತು. ಹೊಲಗಳಲ್ಲಿ ಕಬ್ಬು ಮುಗಿಯಿತು, ಗ್ಯಾಂಗಿನವರು ಊರಿಗೆ ಹೋದರು, ಒಂದು ದಿನ ಕಾರ್ಖಾನೆಯ ಸದ್ದೂ ನಿಂತಿತು. ಲೆಕ್ಕಪತ್ರದವರ ಕೊನೆಯ ಕಾಗದ ಬಂತು. ಸ್ಟೋರಿನವರ ನಟ್ಟು ಬೋಲ್ಟು ಬಂತು. ಪರದೆಯ ಮೇಲೆ ಒಂದೇ ಸಾಲು ಉಳಿಯಿತು. ಅದನ್ನು ಬಿಡುವುದು ಬಿಟ್ಟರೆ ನನಗೆ ಬೇರೆ ದಾರಿಯಿರಲಿಲ್ಲ.

ಅಷ್ಟರಲ್ಲಿ ಜಿ.ಎಂ. ಸಾಹೇಬರೇ ಹಾಲಿಗೆ ಬಂದರು. ಅತಿಥಿಗಳಿಲ್ಲದೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಬಂದು ಪರದೆ ನೋಡಿದರು.

‘ಇಷ್ಟ ದಿವಸ ಇದರ ಪಾಳಿ ಬರಲಿಲ್ಲಂದ್ರ ಏನ ಕಥಿರಿ ಬಾಯಾರ?’

‘ಬಡಸಾವ್ರದು, ಮನಿಯವ್ರದು ಕಡೀ ಪಂಗ್ತ್ರಿ ಸಾಹೇಬ್ರ. ಈಗ ಬಂದೈತಿ. ಬಿಡಲೇನ್ರಿ?’ ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಪ್ರಿಂಟರು ನಿಂತಿದ್ದರಿಂದ ಅವರಿಗೆ ಕೇಳಿಸಿತು.

ಅವರು ಕಿಟಕಿಯಿಂದ ಖಾಲಿ ಅಂಗಳ ನೋಡಿದರು. ಮುಂದಿನ ಹಂಗಾಮಿನಲ್ಲಿ ಅಲ್ಲಿ ಮತ್ತೆ ಚಕ್ಕಡಿಗಳು ಬಂದು ನಿಲ್ಲುವುದು ಅವರ ಕಣ್ಣಿಗೆ ಕಂಡಿತೋ ಏನೋ.

‘ಮನಿಯವ್ರು ಅಂದ್ರಿ. ಮನಿಯವ್ರು ಮನಿ ಬಿಟ್ಟ ಹೋದ್ರ ಮುಂದಿನ ಮದಿವ್ಯಾಗ ಬಡಸಾವ್ರ ಯಾರು? ತಗದ ಹಾಕ್ರಿ ಅದನ್ನ.’

ಕೈ ಮುಂದಕ್ಕೆ ಹೋಯಿತು. ಹೋದದ್ದನ್ನು ಹಿಂದಕ್ಕೆ ತಂದುಕೊಂಡೆ. ಈ ಬಾಯಿ ಒಳ್ಳೆಯ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ. ‘ಕಳಿಸಿದವರ ತಗೀಬೇಕ್ರಿ. ಹಂಗ ಐತಿ ಪದ್ಧತಿ’ ಎಂದೆ.

ಸಾಹೇಬರು ಕನ್ನಡಕ ಸರಿ ಮಾಡಿಕೊಂಡು ನನ್ನ ಕುರ್ಚಿಯಲ್ಲಿ ಕೂತರು. ಕಾರ್ಖಾನೆಗೆಲ್ಲ ಕಂಪ್ಯೂಟರ್ ತಂದ ಆ ಮನುಷ್ಯ ಅದರ ಕೀಲಿಮಣೆಗೆ ಕೈ ಹಚ್ಚಿದ್ದು ಅದೇ ಮೊದಲ ಸಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಮುಹೂರ್ತದ ಗುಂಡಿಯನ್ನೂ ಅವರ ಗುಮಾಸ್ತನೇ ಒತ್ತಿರಬೇಕು. ಅಳಿಸುವ ಗುಂಡಿಯನ್ನು ತೋರಿಸಿದೆ, ಒತ್ತಿದರು. ನಿಜವಾಗಿಯೂ ಅಳಿಸಬೇಕೇ ಎಂದು ಯಂತ್ರ ಕೇಳಿತು. ಹೌದೆನ್ನಲು ವೈ ಒತ್ತಬೇಕು. ಒಂದು ಬೆರಳು ಚಾಚಿಕೊಂಡು ಅವರು ವೈ ಹುಡುಕತೊಡಗಿದರು. ಝಡ್ ಪಕ್ಕದಲ್ಲಿ ಇರಬೇಕೆಂದು ಕೆಳಗಿನ ಸಾಲಿನಲ್ಲಿ ಒಂದೊಂದನ್ನೇ ನೋಡಿದರು. ‘ಇದೇನ್ರಿ, ಅಕ್ಷರ ಹೊಲದಾಗ ಬೀಜ ಚೆಲ್ಲಿದಂಗ ಚೆಲ್ಯಾರ’ ಎಂದು ಗೊಣಗಿದರು.

ಇಷ್ಟು ನಿಧಾನ ಟೈಪು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈ ಸರಿಸಿ ನಾನೇ ಹೊಡೆದುಬಿಡುತ್ತಿದ್ದೆ. ಅವತ್ತು ಮಾತ್ರ ಅವರ ಬೆರಳು ಮೇಲಿನ ಸಾಲಿಗೆ ಬರುವವರೆಗೆ ಸುಮ್ಮನೆ ನಿಂತೆ. ವೈ ಅಲ್ಲೇ ಇದೆ ಎಂದು ತೋರಿಸಲು ನನ್ನಿಂದಲೂ ಆಗುತ್ತಿರಲಿಲ್ಲ. ಕಣ್ಣು ತುಂಬಿ ಬಂದು, ಅಷ್ಟು ವರ್ಷ ನೋಡದೆಯೇ ಹೊಡೆಯುತ್ತಿದ್ದ ಅಕ್ಷರಗಳಲ್ಲಿ ಒಂದೂ ನನಗೆ ಕಾಣುತ್ತಿರಲಿಲ್ಲ.